ಒದ್ದೆ ಪಂಚೆಯ ಅಣ್ಣ

ಅಬ್ಬಾ, ಈಗ ಹೇಳುವಾಗ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಬರೀ ಸಿಟ್ಟು. ಬೆಳಿಗ್ಗೆ ಅತ್ತೆಯ ಮೇಲೆ, ಮಧ್ಯಾಹ್ನ ಗೈಡ್ ಮೇಲೆ, ಸಂಜೆ ಹೋದ ಕರೆಂಟಿನ ಮೇಲೆ. ನನ್ನ ಗಂಡ ಮೋಹನ್‌ಕುಮಾರ್ ಆ ವರ್ಷವೆಲ್ಲ ಮನೆಯೊಳಗೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಾಡಿದರು. ಪಾಪ, ಅವರದೇನೂ ತಪ್ಪಿರಲಿಲ್ಲ.

ನಾನು ಯಶೋಧಾ. ಎರಡು ಸಾವಿರದ ಎರಡನೇ ಇಸವಿಯಲ್ಲಿ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಅರೆಕಾಲಿಕ ಕನ್ನಡ ಮೇಡಮ್ಮು. ಅರೆಕಾಲಿಕ ಅಂದರೆ ಕೆಲಸ ಪೂರ್ತಿ, ಮರ್ಯಾದೆ ಅರ್ಧ. ಅದಕ್ಕೇ ಪಿಎಚ್.ಡಿ. ಹಿಡಿದಿದ್ದೆ. ವಿಷಯ ಬೀಸುವ ಪದ. ಅದರಲ್ಲೂ ಒಂದೇ ಒಂದು ಪದ: ತಂಗಿ ರಾಗಿ ಬೀಸುತ್ತಾ ಕೂತಿರುವಾಗ ತವರಿನಿಂದ ಅಣ್ಣ ಬರುವ ಪದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕಿನಲ್ಲಿ ಇದನ್ನು ಹಾಡುತ್ತಾರೆ, ಊರಿಗೊಂದು ಥರ ಹಾಡುತ್ತಾರೆ. ಯಾವ ಊರಿನ ಪದ ಯಾವ ಊರಿನ ಪದದಿಂದ ಹುಟ್ಟಿತು ಅಂತ ಹುಡುಕಿ, ಪದಗಳಿಗೊಂದು ವಂಶವೃಕ್ಷ ಬರೆಯುವುದು ನನ್ನ ಆಸೆ. ಟೇಪ್ ರೆಕಾರ್ಡರನ್ನು ಬಗಲಿಗೆ ಹಾಕಿಕೊಂಡು ಅಷ್ಟೂ ಊರು ಸುತ್ತಿದ್ದೆ. ಹೊಳಲ್ಕೆರೆ ಕಡೆಯ ಅಣ್ಣ ದೂಳೆಬ್ಬಿಸಿಕೊಂಡು ಬಂದು ಬಾಗಿಲಲ್ಲಿ ಕಂಬಳಿ ಕೊಡವುತ್ತಾನೆ. ಹಿರಿಯೂರು ಕಡೆ ಮಾರಿಕಣಿವೆ ಡ್ಯಾಮಿನ ಕೆಳಗಿನ ಊರುಗಳ ಅಣ್ಣ ಕಾಲುವೆ ದಾಟಿ ಒದ್ದೆ ಪಂಚೆಯಲ್ಲಿ ಬರುತ್ತಾನೆ. ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು.

ಎಡವಟ್ಟಾದದ್ದು ಹೊಳಲ್ಕೆರೆ ಕಡೆಯ ರಾಮಗಿರಿಯಲ್ಲಿ. ಗುಡ್ಡದ ಬುಡದ ಬೀದಿಯಲ್ಲಿ ಮರುಳಸಿದ್ದಮ್ಮ ಅಂತ ಒಬ್ಬ ಅಜ್ಜಿ. ಹಿತ್ತಿಲಲ್ಲಿ ಒಂದು ದುಂಡು ಕಲ್ಲಿಗೆ ಕರು ಕಟ್ಟಿ, ಪಕ್ಕದಲ್ಲೇ ಕೂತು, ಗಾಳಿಯಲ್ಲೇ ಕೈಯಾಡಿಸುತ್ತಾ ಬೀಸುವವಳಂತೆ ಹಾಡಿದಳು. ಏನು ಕಂಠ ಅಂತೀರಿ! ನಡುವೆ ರೈಲು ಹೋಯಿತು, ಅಜ್ಜಿ ನಿಲ್ಲಿಸಲಿಲ್ಲ. ನಾನು ಬರೆದುಕೊಂಡು ಬಂದೆ.

ರಾಗಿ ಬೀಸುವ ಹೊತ್ತು ದಾರೀಲಿ ದೂಳೆದ್ದು
ಬಾಗಿಲಿಗೆ ಬಂದಾನೆ ಒದ್ದೆ ಪಂಚೇಲಿ ಅಣ್ಣ

ನನ್ನ ಗೈಡ್ ಮುರುಗೇಶಪ್ಪ ಸರ್ ಇದನ್ನು ಓದಿ ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದರೆ ಗ್ರಹಚಾರ ನೆಟ್ಟಗಿಲ್ಲ ಅಂತಲೇ ಅರ್ಥ.

"ಯಶೋಧಾ, ಇದೇನಮ್ಮ ಇದು? ಒಂದು ಸಾಲಲ್ಲಿ ದೂಳು, ಮುಂದಿನ ಸಾಲಲ್ಲಿ ಒದ್ದೆ ಪಂಚೆ. ರಾಮಗಿರೀಲಿ ಯಾವ ಕಾಲುವೆ ದಾಟಿ ಬಂದ ಇವನು?"

"ಅಜ್ಜಿ ಹಾಡಿದ್ದೇ ಹಂಗೆ ಸರ್."

"ಪೂರ್ತಿ ಪದ ಹಿಂಗೇ ಐತೆ. ಅರ್ಧ ಹೊಳಲ್ಕೆರೇದು, ಅರ್ಧ ಮಾರಿಕಣಿವೇದು. ಮೇಜಿನ ಮುಂದೆ ಕೂತು ಎರಡು ಪದ ಸೇರಿಸಿ ಹೊಲಿದಂಗೈತೆ. ಕ್ಯಾಸೆಟ್ ತಗೊಂಡು ಬಾ, ಕೇಳಾಣ."

ಮುರುಗೇಶಪ್ಪ ಸರ್ ಕೆಟ್ಟವರಲ್ಲ. ಹಿಂದೆ ಅವರ ವಿದ್ಯಾರ್ಥಿಯೊಬ್ಬ ತಾನೇ ಪದ ಕಟ್ಟಿ, ಯಾವುದೋ ಅಜ್ಜಿಯ ಹೆಸರು ಹಾಕಿ ಪ್ರಬಂಧ ಕೊಟ್ಟಿದ್ದ. ಅದು ಹೊರಗೆ ಬಿದ್ದು, ಇವರು ತುಂಬಿದ ಸಭೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿ ಬಂದಿತ್ತು. ಅಂದಿನಿಂದ ಅವರಿಗೆ ಹಾವಿಗಿಂತ ಹಗ್ಗದ ಭಯವೇ ಜಾಸ್ತಿ. ಅದು ಗೊತ್ತಿದ್ದೂ ನನಗೆ ಮೈಯೆಲ್ಲ ಉರಿದುಹೋಯಿತು. ಕ್ಯಾಸೆಟ್ ತಂದು ಕಿವಿಗೇ ಹಿಡಿಯುತ್ತೇನೆ ಅಂತ ಮನೆಗೆ ಬಂದೆ.

ಕ್ಯಾಸೆಟ್ ಹಾಕಿದರೆ ಅದರಲ್ಲಿ ನಾದಿನಿ ರಮ್ಯಾಳ ಮಗುವಿನ ನಾಮಕರಣ! ತೊಟ್ಟಿಲ ಹಾಡು, ಹೆಂಗಸರ ಗದ್ದಲ, ಯಾರೋ ಪಾಯಸಕ್ಕೆ ಸಕ್ಕರೆ ಸಾಲದು ಅನ್ನುವುದು. ರಾಮಗಿರಿಯ ಅಜ್ಜಿ ಒಂದಿಷ್ಟೂ ಉಳಿದಿರಲಿಲ್ಲ.

"ಅತ್ತೇ!" ಅಂತ ಕೂಗಿದ ಕೂಗಿಗೆ ಬೀದಿಯವರೆಲ್ಲ ಹೊರಗೆ ಬಂದರು.

ನನ್ನ ಅತ್ತೆ ಏಕಾಂತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಅದ್ರಾಗೆ ಯಾರೋ ಮುದುಕಿ ಗುಂಯ್ ಗುಂಯ್ ಅಂತಿದ್ಲು ಕಣೆ. ಮಸಾಲ ರುಬ್ಬೋವಾಗ ನಾನೂ ಹಂಗೇ ಅಂತೀನಿ. ಖಾಲಿ ಕ್ಯಾಸೆಟ್ಟು ಅಂತ ತಿಳ್ಕಂಡೆ" ಅಂದರು. ಏನು ಹೇಳುತ್ತೀರಿ ಇದಕ್ಕೆ! ನನ್ನ ಹಣೆಬರಹದ ಮೇಲೆ ನಾಮಕರಣ ಆಗಿಹೋಗಿತ್ತು.

ಮತ್ತೆ ಹಾಡಿಸಿದರಾಯಿತು ಅಂತ ಮುರುಗೇಶಪ್ಪ ಸರ್ ಅವರನ್ನೇ ರಾಮಗಿರಿಗೆ ಕರೆದುಕೊಂಡು ಹೋದೆ. ಅವರು ಕೂತವರೇ ಪೊಲೀಸಿನವರ ಹಾಗೆ ಶುರುಮಾಡಿದರು. ಈ ಪದ ನಿಮಗೆ ಕಲಿಸಿದ್ದು ಯಾರು? ಒದ್ದೆ ಪಂಚೆ ಎಲ್ಲಿಂದ ಬಂತು? ಯಾವ ಪದಕ್ಕೆ ಯಾವ ಪದ ಸೇರಿಸಿದಿರಿ? ಮರುಳಸಿದ್ದಮ್ಮ ಕರುವಿನ ಮೈ ಸವರುತ್ತಾ ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, "ನನ್ ಪದ ಸುಳ್ಳು ಅಂದ್ಮ್ಯಾಲೆ ಯಾಕ್ ಹಾಡ್ಲಿ ಸಾಮಿ? ನಂಗ್ಯಾವ ಪದಾನೂ ಬರಲ್ಲ. ಬಿಸ್ಲು ಏರ್ತೈತೆ, ಹೊಂಡ್ರಿ" ಅಂದುಬಿಟ್ಟಳು.

ಬಸ್ಸಿನಲ್ಲಿ ಸರ್ ನನ್ನ ಮುಖ ನೋಡದೆ ಹೇಳಿದರು. ಯುಗಾದಿಯ ನಂತರ ಪರಿಶೀಲನಾ ಸಭೆ ಇದೆ. ಅಷ್ಟರೊಳಗೆ ಆ ಪದ ನಿಜ ಅಂತ ತೋರಿಸಬೇಕು. ಇಲ್ಲದಿದ್ದರೆ ನನ್ನ ಪ್ರಬಂಧಕ್ಕೆ ಅವರು ಸಹಿ ಹಾಕುವುದಿಲ್ಲ.

"ಆ ಒಂದು ಪದ ಬಿಟ್ಟುಬಿಡ್ತೀನಿ ಸರ್."

"ಒಂದು ಸುಳ್ಳು ಅಂತ ಆದ್ಮೇಲೆ ಉಳಿದವನ್ನ ಯಾರು ನಂಬ್ತಾರಮ್ಮ?"

ಮಾತು ಸರಿಯೇ. ಪದ ಕಟ್ಟಿದವಳು ಅಂತ ಒಮ್ಮೆ ಹೆಸರು ಬಂದರೆ ನಾನು ಸುತ್ತಿದ ಅಷ್ಟೂ ಊರು, ಹಾಡಿದ ಅಷ್ಟೂ ಅಜ್ಜಿಯರು ಸುಳ್ಳಾಗುತ್ತಿದ್ದರು. ಆ ದಿನ ನಾನು ಊಟ ಮಾಡಲಿಲ್ಲ. ಅತ್ತೆಯೂ ಮಾಡಲಿಲ್ಲ, ಅದು ಬೇರೆ ಮಾತು.

ನಮ್ಮ ಹಿಂದಿನ ಬೀದಿಯಲ್ಲಿ ಖಲೀಲುಲ್ಲಾ ಸಾಬರ ಮನೆ. ತಲೆಮಾರುಗಳಿಂದ ಟ್ರಂಕು ಮಾಡಿ ಮಾರುವವರು. ಅವರ ಮಗ ಇಸ್ರಾರ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಎಂ.ಟೆಕ್.ನಲ್ಲಿ ಅವನು ಮಾಡಿದ್ದು ಜ್ವರ ತರುವ ವೈರಸ್‌ಗಳ ವಂಶಾವಳಿಯನ್ನು ಕಂಪ್ಯೂಟರಿನಲ್ಲಿ ಬರೆಸುವ ಕೆಲಸ. ನನ್ನ ಪದಗಳಿಗೂ ವಂಶವೃಕ್ಷ ಬರೆದುಕೊಡುತ್ತೇನೆ ಅಂತ ಮೊದಲೇ ಒಪ್ಪಿಕೊಂಡಿದ್ದ. ಆ ಭಾನುವಾರ ಅವನ ಮನೆಗೆ ಹೋಗಿ, "ಲೇ ಇಸ್ರಾರ್, ನಿನ್ನ ಮರ ಎಲ್ಲೋ? ಈಗಲೇ ಬೇಕು" ಅಂದೆ.

"ಕುಂತ್ಕಳ್ರಿ ಯಶೋಧಕ್ಕ. ನಿಮ್ಮ ಮರ ನನ್ ಪ್ರಾಣ ತಿಂತಾ ಐತೆ" ಅಂದ.

ಅವನ ಪದ್ಧತಿ ಸರಳವಾಗಿತ್ತು. ಪ್ರತಿ ಪದದಲ್ಲೂ ಸಣ್ಣ ಸಣ್ಣ ವಿವರ ಹುಡುಕಿ ನಾನು ಕೊಟ್ಟಿದ್ದೆ. ದೂಳು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಕಂಬಳಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಯಾವ ಎರಡು ಪದಗಳ ನಡುವೆ ವ್ಯತ್ಯಾಸ ಕಡಿಮೆಯೋ ಅವನ್ನು ಕಂಪ್ಯೂಟರ್ ಹತ್ತಿರ ಜೋಡಿಸುತ್ತಾ ಹೋಗಿ ಕೊಂಬೆ ಕೊಂಬೆಯಾಗಿ ಮರ ಕಟ್ಟುತ್ತದೆ. ಆಮೇಲೆ ಪರೀಕ್ಷೆ. ಕೆಲವು ವಿವರಗಳನ್ನು ಕೈಬಿಟ್ಟು, ಕೆಲವನ್ನು ಮತ್ತೆ ಮತ್ತೆ ಎಣಿಸಿ, ಮರವನ್ನು ಬೇಕಾದಷ್ಟು ಸಲ ಹೊಸದಾಗಿ ಕಟ್ಟಿಸುತ್ತಾನೆ. ಗಟ್ಟಿ ಕೊಂಬೆಯಾದರೆ ಪ್ರತಿ ಸಲವೂ ಅಲ್ಲೇ ಬರಬೇಕು.

"ಹೊಸದುರ್ಗದ ಪದಗಳು ಗಟ್ಟಿ ನಿಂತವೆ. ಹೊಳಲ್ಕೆರೇವು ನಿಂತವೆ. ಈ ರಾಮಗಿರೀದು ಮಾತ್ರ ಕುಂತಲ್ಲಿ ಕುಂದ್ರಲ್ಲ ಅಕ್ಕ. ಒಂದ್ಸಲ ಹೊಳಲ್ಕೆರೆ ಕೊಂಬೆಗೆ ಹೋಗುತ್ತೆ, ಮತ್ತೊಂದ್ಸಲ ಮಾರಿಕಣಿವೆ ಕೊಂಬೆಗೆ ಹಾರುತ್ತೆ. ಕೋತಿ ಆಗೈತೆ."

"ಹಂಗಾದ್ರೆ ಮುರುಗೇಶಪ್ಪ ಸರ್ ಹೇಳಿದ್ದೇ ಸರಿ ಅನ್ನು!"

"ತಡೀರಿ, ತಡೀರಿ. ಇದು ಪದದ ತಪ್ಪಲ್ಲ, ಮರದ್ದು. ಮರದಾಗೆ ಒಂದು ಕೊಂಬೆಗೆ ಒಂದೇ ಬುಡ. ಎರಡು ಕಡೆಯಿಂದ ಹುಟ್ಟಿದ್ದನ್ನ ಬರಿಯಾಕೆ ಮರಕ್ಕೆ ಬರಲ್ಲ. ನಮ್ಮ ವೈರಸ್ಸಿನಾಗೂ ಹಿಂಗಾಗುತ್ತೆ. ಎರಡು ಥರದ ವೈರಸ್ ಒಂದೇ ಮೈಗೆ ಹೊಕ್ಕರೆ ಒಳಗೇ ತುಂಡು ಬದಲಾಯಿಸ್ಕಂಡು ಮೂರನೇದು ಹುಟ್ಟುತ್ತೆ. ಅದಕ್ಕೆ ಮರ ಬರೆದ್ರೆ ಆಗಲ್ಲ, ಬಲೆ ಬರೀಬೇಕು."

"ನಮ್ಮ ಅಜ್ಜಿ ಪದಾನ ಜ್ವರಕ್ಕೆ ಹೋಲಿಸ್ತೀಯೇನೋ?"

ಅವನು ನಗುತ್ತಾ ಬೇರೆ ಪ್ರೋಗ್ರಾಮ್ ಹಾಕಿದ. ಈ ಬಲೆಯ ಪದ್ಧತಿ ಬೇರೆ. ಮರ ಕಟ್ಟುವಾಗ ಎರಡು ಸಾಕ್ಷಿ ಒಂದಕ್ಕೊಂದು ವಿರುದ್ಧ ಬಿದ್ದರೆ ಕಂಪ್ಯೂಟರ್ ಒಂದನ್ನು ಗೆಲ್ಲಿಸಿ ಇನ್ನೊಂದನ್ನು ಎಸೆಯುತ್ತದೆ. ಬಲೆ ಯಾವುದನ್ನೂ ಎಸೆಯುವುದಿಲ್ಲ. ಎರಡನ್ನೂ ಬರೆಯುತ್ತದೆ, ಹಾಗಾಗಿ ಜಗಳವಿದ್ದ ಕಡೆ ಗೆರೆಗಳು ಸೇರಿ ಚೌಕವಾಗುತ್ತವೆ. ಪರದೆಯ ಮೇಲೆ ಹಾಗೇ ಆಯಿತು. ಒಂದು ಕಡೆ ಹೊಳಲ್ಕೆರೆಯ ಪದಗಳ ಗೊಂಚಲು, ಇನ್ನೊಂದು ಕಡೆ ಮಾರಿಕಣಿವೆಯ ಗೊಂಚಲು, ನಡುವೆ ಉದ್ದನೆಯ ಒಂದು ಚೌಕ. ಅದರ ಮೂಲೆಯಲ್ಲಿ ರಾಮಗಿರಿಯ ಪದ ಎರಡೂ ಕಡೆಗೆ ಕೈಚಾಚಿ ಕೂತಿತ್ತು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಗೆದ್ದೆ ಕಣೋ! ಪ್ರಿಂಟ್ ತೆಗಿ, ಸರ್ ಮುಖದ ಮುಂದೆ ಹಿಡೀತೀನಿ."

"ಗೆಲ್ಲಲಿಲ್ಲ ಅಕ್ಕ." ಇಸ್ರಾರ್ ಕಿವಿ ತುರಿಸಿಕೊಂಡ. "ನೀವೇ ಎರಡು ಪದ ತಂದು ಹೊಲಿದಿದ್ರೂ ಇದೇ ಚೌಕ ಬರ್ತಿತ್ತು. ಎರಡು ಕಡೆಯದು ಸೇರೈತೆ ಅಂತ ಮಾತ್ರ ಬಲೆ ಹೇಳುತ್ತೆ. ಸೇರಿಸಿದ್ದು ಯಾರು ಅಂತ ಹೇಳಲ್ಲ."

"ನಿನ್ನ ಬಲೆಗಿಷ್ಟು ಬೆಂಕಿ ಹಾಕ!" ಅಂದೆ. ಒಳಗಿನಿಂದ ಅವನ ತಾಯಿ ಪ್ಯಾರಿ ಬೀ ಚಹಾ ಹಿಡಿದುಕೊಂಡು ಬಂದು, "ಅರೆ, ಇದೇನಮ್ಮ ಗಲಾಟೆ, ಮನೆ ಹಂಚು ಹಾರ್ಸಿಬಿಡ್ತೀಯಾ?" ಅಂತ ನನ್ನ ಕೈಗೆ ಲೋಟ ಇಟ್ಟರು. ಕುಡಿದೆ. ಸಿಟ್ಟಿನಲ್ಲಿದ್ದರೂ ಅವರ ಮನೆಯ ಚಹಾ ಚೆನ್ನಾಗಿರುತ್ತಿತ್ತು ಅಂತ ಒಪ್ಪಿಕೊಳ್ಳಬೇಕು.

ಇಸ್ರಾರ್ ನಿಧಾನವಾಗಿ ಕೇಳಿದ. ಎರಡು ಕಡೆಯ ವಿವರಗಳು ಪದದಲ್ಲಿ ಹೇಗೆ ಕೂತಿವೆ? ಮೊದಲರ್ಧ ಒಂದು ಊರಿನದು, ಕೊನೆಯರ್ಧ ಇನ್ನೊಂದು ಊರಿನದೋ? ಯಾರಾದರೂ ಕದ್ದು ಹೊಲಿದರೆ ಸಾಮಾನ್ಯವಾಗಿ ದೊಡ್ಡ ತುಂಡನ್ನೇ ಹೊಲಿಯುತ್ತಾರೆ. ನಾನು ಪದವನ್ನು ಮುಂದಿಟ್ಟುಕೊಂಡು ಬೆರಳಿಟ್ಟು ನೋಡುತ್ತಾ ಹೋದೆ. ದೂಳಿನ ಸಾಲು ಹೊಳಲ್ಕೆರೆಯದು. ಒದ್ದೆ ಪಂಚೆ ಮಾರಿಕಣಿವೆಯದು. ಕಂಬಳಿಯ ಸಾಲು ಹೊಳಲ್ಕೆರೆಯದು. ತೆಂಗಿನ ಮೊಳಕೆ ತಂದ ಸಾಲು ಮಾರಿಕಣಿವೆಯದು. ಮೊದಲ ಸಾಲೆಲ್ಲ ಇಲ್ಲಿಯದು, ಎರಡನೇ ಸಾಲೆಲ್ಲ ಅಲ್ಲಿಯದು. ಎಲ್ಲಿಯೂ ತಪ್ಪಿರಲಿಲ್ಲ.

ನನ್ನ ಕೈ ತಾನಾಗಿಯೇ ಬೀಸುವವರ ಹಾಗೆ ತಿರುಗತೊಡಗಿತು. ನಮ್ಮವ್ವ ಮತ್ತು ಚಿಕ್ಕವ್ವ ಮದಕರಿಪುರದ ಮನೆಯಲ್ಲಿ ಎದುರುಬದುರು ಕೂತು, ಒಂದೇ ಹಿಡಿಗೂಟಕ್ಕೆ ನಾಲ್ಕೂ ಕೈ ಹಾಕಿ ಬೀಸುತ್ತಿದ್ದದ್ದು ಕಣ್ಣಮುಂದೆ ಬಂತು. ಹಿಟ್ಟಿನ ಗಿರಣಿ ಬರುವ ಮುಂಚಿನ ಮಾತು. ಒಬ್ಬಳು ಮೊದಲ ಸಾಲು ಎತ್ತುತ್ತಿದ್ದಳು, ಎದುರಿಗೆ ಕೂತವಳು ಎರಡನೇ ಸಾಲು ಹಾಡಿ ಮುಗಿಸುತ್ತಿದ್ದಳು. ಒಬ್ಬಳಿಗೆ ಉಸಿರು ತೆಗೆದುಕೊಳ್ಳಲು ಬಿಡುವು ಸಿಗಬೇಕಲ್ಲ, ಅದಕ್ಕೇ ಆ ಪದ್ಧತಿ.

"ಇಸ್ರಾರ್, ಈ ಪದ ಒಬ್ಬಾಕೇದಲ್ಲ ಕಣೋ! ಇಬ್ಬರದು. ಆಕೆ ಎದುರಿಗೆ ಯಾವಳೋ ಕೂತಿದ್ಲು."

ಅವನು ಮೊದಲ ಸಾಲುಗಳಿಗೇ ಒಂದು ಮರ, ಎರಡನೇ ಸಾಲುಗಳಿಗೇ ಇನ್ನೊಂದು ಮರ ಕಟ್ಟಿಸಿದ. ಅಬ್ಬಾ, ಈ ಸಲ ಕೋತಿ ಹಾರಲಿಲ್ಲ! ಮೊದಲನೇ ಮರದಲ್ಲಿ ರಾಮಗಿರಿಯ ಪದ ಹೊಳಲ್ಕೆರೆಯ ಕೊಂಬೆ ಬಿಟ್ಟು ಅಲುಗಲಿಲ್ಲ. ಎರಡನೆಯದರಲ್ಲಿ ಮಾರಿಕಣಿವೆಯ ಕೊಂಬೆಗೆ ಹೋಗಿ ಕೂತಿತು. ಅದೂ ಒಂದೇ ಒಂದು ಪದದ ಮಗ್ಗುಲಿಗೆ, ಅಂಟು ಹಾಕಿದಂತೆ. ಅದು ಡ್ಯಾಮಿನ ಕೆಳಗಿನ ಒಂದು ಹಳ್ಳಿಯಲ್ಲಿ ಹಾಲಮ್ಮ ಅನ್ನುವ ಅಜ್ಜಿ ನನಗೆ ಹಾಡಿಕೊಟ್ಟ ಪದ. ಅವತ್ತು ಮನೆಗೆ ಬಂದು ಎರಡು ದಿನದ ಊಟವನ್ನು ಒಂದೇ ಸಲ ಮಾಡಿದೆ. ಅತ್ತೆ ಬಡಿಸುತ್ತಲೇ ಇದ್ದರು.

ಮರುದಿನ ರಾಮಗಿರಿಗೆ ಹೋದೆ, ಒಬ್ಬಳೇ. ಮರುಳಸಿದ್ದಮ್ಮ ನನ್ನನ್ನು ಕಂಡು, "ಇವತ್ತೂ ಆ ಪೊಲೀಸ್ನೋರನ್ನ ಕರ್ಕಂಡ್ ಬಂದೀಯಾ?" ಅಂದಳು.

"ಇಲ್ಲವ್ವ. ಒಂದು ಹೆಸರು ಕೇಳಾಕೆ ಬಂದೆ. ಹಾಲಮ್ಮ ಅಂದ್ರೆ ಯಾರು?"

ಅಜ್ಜಿಯ ಕೈ ಕರುವಿನ ಬೆನ್ನ ಮೇಲೆ ನಿಂತುಹೋಯಿತು. "ಆ ಹೆಸ್ರು ನನ್ನ ಮನೇಲಿ ಎತ್ಬೇಡ."

ನಾನು ಸುಮ್ಮನಾದೆ. ಸುಮ್ಮನಿರುವುದು ನನಗೆ ಎಷ್ಟು ಕಷ್ಟ ಅಂತ ನನ್ನ ಗಂಡನನ್ನು ಕೇಳಿ. ಕರು ಹಗ್ಗ ಜಗ್ಗಿತು, ಸ್ಟೇಷನ್ ಕಡೆ ಗಂಟೆ ಹೊಡೆಯಿತು. ಕೊನೆಗೆ ಅಜ್ಜಿಯೇ ಕೇಳಿದಳು.

"ಹಾಡ್ತಾಳಾ ಇನ್ನೂವೆ?"

ಆಮೇಲೆ ಎಲ್ಲ ಹೊರಗೆ ಬಂತು. ಹಾಲಮ್ಮ ಇವಳ ಓರಗಿತ್ತಿ, ಮೈದುನನ ಹೆಂಡತಿ. ಇಬ್ಬರೂ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಒಂದೇ ಕಲ್ಲಿನಲ್ಲಿ ಎದುರುಬದುರು ಕೂತು ಬೀಸಿದವರು. ಅಣ್ಣ ತಮ್ಮ ಭಾಗ ಆದಾಗ ಜಗಳ ಹತ್ತಿ, ಹಟಕ್ಕೆ ಬಿದ್ದು, ಬೀಸುವ ಕಲ್ಲನ್ನೂ ಪಾಲು ಮಾಡಿದರಂತೆ. ಕೆಳಗಿನ ಕಲ್ಲು ದೊಡ್ಡವನಿಗೆ, ಮೇಲಿನದು ಚಿಕ್ಕವನಿಗೆ. ಹಾಲಮ್ಮನ ಗಂಡ ಮೇಲಿನ ಕಲ್ಲನ್ನು ಗಾಡಿಗೆ ಹಾಕಿಕೊಂಡು, ಹೆಂಡತಿಯ ತವರಿಗೆ ಹೋಗಿ ನೀರಾವರಿ ಜಮೀನು ಮಾಡಿಕೊಂಡ. ಗಂಡಸರಿಬ್ಬರೂ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಹೆಂಗಸರ ಮಾತು ಮಾತ್ರ ನಿಂತದ್ದು ನಿಂತೇ ಇತ್ತು. ಕರು ಕಟ್ಟಿದ್ದ ಆ ದುಂಡು ಕಲ್ಲನ್ನು ನಾನು ಆಗ ಸರಿಯಾಗಿ ನೋಡಿದೆ. ಬೀಸುವ ಕಲ್ಲಿನ ಕೆಳಗಿನ ಅರ್ಧ ಅದು. ನಡುವಿನ ಗೂಟಕ್ಕೆ ಹಗ್ಗ ಬಿಗಿದಿತ್ತು.

"ಹಂಗಾದ್ರೆ ಅವತ್ತು ನನ್ನ ಮುಂದೆ ಎರಡೂ ಸಾಲು ನೀನೇ ಹಾಡಿದ್ಯಾ ಅವ್ವ?"

"ಇನ್ನೇನ್ ಮಾಡ್ಲಿ, ಆಕಿ ಸಾಲು ಬಿಟ್ರೆ ಪದ ನಡೆಯಲ್ಲ. ನಿಮ್ ಸಾಮಿ ಯಾರು ಕಲಿಸಿದ್ದು, ಯಾರು ಕಲಿಸಿದ್ದು ಅಂತ ಕೇಳ್ದ. ಆ ಹೆಸ್ರು ಹೇಳಾಕೆ ನಂಗೆ ಮನಸ್ಸಾಗ್ಲಿಲ್ಲ."

"ಆಕೇನ ಕರ್ಕಂಡ್ ಬಂದ್ರೆ?"

"ಬಂದ್ರೆ ಬರ್ಲಿ. ನಾನೇನ್ ಕರೆಯಲ್ಲ" ಅಂದಳು. ಅಷ್ಟು ಸಾಕಿತ್ತು ನನಗೆ.

ಮುಂದಿನ ಭಾನುವಾರಕ್ಕೆ ಮುರುಗೇಶಪ್ಪ ಸರ್ ಅವರಿಗೆ ರಾಮಗಿರಿಗೆ ಬರಲು ಹೇಳಿಯೇಬಿಟ್ಟೆ. ಹಾಲಮ್ಮನನ್ನು ಇನ್ನೂ ಕೇಳಿಯೇ ಇರಲಿಲ್ಲ! ಮೊದಲು ಅಡುಗೆ, ಆಮೇಲೆ ಅಕ್ಕಿ ಅನ್ನುವ ಬುದ್ಧಿ ನನ್ನದು. ಖಲೀಲುಲ್ಲಾ ಸಾಬರು ಅವತ್ತು ಬೆಳಿಗ್ಗೆ ಹಿರಿಯೂರಿಗೆ ಟ್ರಂಕು ಇಳಿಸಲು ಟೆಂಪೊ ಹೊರಡಿಸಿದ್ದರು. ನಾನೂ ಇಸ್ರಾರ್‌ನೂ ಮುಂದೆ ತುರುಕಿಕೊಂಡು ಕೂತೆವು. ಹಿರಿಯೂರಿನಲ್ಲಿ ಟ್ರಂಕು ಇಳಿಸಿ, ಮಾರಿಕಣಿವೆಯ ದಾರಿ ಹಿಡಿದೆವು. ಕಾಲುವೆಯಲ್ಲಿ ನೀರಿತ್ತು. ಗಂಡಸೊಬ್ಬ ಪಂಚೆ ಎತ್ತಿಕೊಂಡು ದಾಟುತ್ತಿದ್ದ, ಆದರೂ ಅಂಚು ನೆನೆದಿತ್ತು. ಇಸ್ರಾರ್ ನನ್ನ ಮೊಣಕೈ ತಿವಿದು, "ಅಕ್ಕ, ನಿಮ್ಮಣ್ಣ ಬಂದ" ಅಂದ. ನನಗೆ ನಗುವ ಸ್ಥಿತಿ ಇರಲಿಲ್ಲ.

ಹಾಲಮ್ಮ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಳು. ಮರುಳಸಿದ್ದಮ್ಮನ ಹೆಸರೆತ್ತಿದ ಕೂಡಲೇ ಮೊರ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಅಷ್ಟೊತ್ತಿಗೆ ಮುರುಗೇಶಪ್ಪ ಸರ್ ಬಸ್ಸು ಹತ್ತಿರುತ್ತಾರೆ. ಬಾಗಿಲಿನ ಕಡೆ ಮುಖ ಮಾಡಿ ಕೂಗಿದೆ, ಕೂಗುವುದು ನನಗೆ ಸುಲಭ.

"ಅಜ್ಜೀ, ಆಕೆ ಇನ್ನೂ ನಿನ್ನ ಸಾಲು ಹಾಡ್ತಾಳೆ! ಒಬ್ಬಳೇ ಕೂತು ಎರಡೂ ಕಡೆ ತಾನೇ ಹಾಡ್ತಾಳೆ! ಅದಕ್ಕೇ ನನ್ನ ಗೈಡು ಆ ಪದ ಸುಳ್ಳು ಅಂತಾರೆ!"

ಹಾಲಮ್ಮ ಹೊಸಿಲಿಗೆ ಬಂದು ನಿಂತಳು. "ನನ್ ಸಾಲು ಸುಳ್ಳಂತಾ? ಯಾವನವನು ಹಂಗಂದೋನು?" ಅಂದು, ಇಸ್ರಾರ್‌ನನ್ನು ಮೇಲಿನಿಂದ ಕೆಳಗೆ ನೋಡಿ, "ಏನಪ್ಪ, ತೋಳಾಗೆ ಕಸುವೈತಾ? ಹಿತ್ಲಾಗೆ ಮ್ಯಾಗಳ ಕಲ್ಲೈತೆ. ಎತ್ತಿ ಗಾಡಿಗೆ ಹಾಕು" ಅಂದಳು. ಕಂಪ್ಯೂಟರ್ ಮೇಷ್ಟರು ಅದನ್ನು ಹೊತ್ತು ತರುವಷ್ಟರಲ್ಲಿ ನಾಲಿಗೆ ಹೊರಗೆ ಬಂದಿತ್ತು.

ಆಕೆಯನ್ನೂ ಕೂರಿಸಿಕೊಂಡು ರಾಮಗಿರಿ ಮುಟ್ಟಿದೆವು. ಮುರುಗೇಶಪ್ಪ ಸರ್ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು, ಮರುಳಸಿದ್ದಮ್ಮ ಅವರಿಗೆ ನೀರೂ ಕೊಟ್ಟಿರಲಿಲ್ಲ. ಇಬ್ಬರು ಅಜ್ಜಿಯರೂ ಎದುರುಬದುರು ನಿಂತರು. ಹಾಲಮ್ಮನ ಕಣ್ಣು ಹಿತ್ತಿಲಿನ ಕಡೆ ಹೋಯಿತು.

"ಥೂ ನಿನ್ನ! ಬೀಸೋ ಕಲ್ಲಿಗೆ ಕರಾ ಕಟ್ಟೀಯಲ್ಲೇ!"

"ಮ್ಯಾಗಳದು ನೀನು ಹೊತ್ಕಂಡ್ ಹೋದ್ಮ್ಯಾಲೆ ಇನ್ನೇನ್ ಕಟ್ಲಿ? ನಿನ್ನ ಕಟ್ಲಾ?"

"ನೋಡು, ಗೂಟೆಲ್ಲಾ ಸಗಣಿ. ಮೊದ್ಲಿಂದ್ಲೂ ನಿಂದು ಹಿಂಗೇಯ."

"ತೊಳಿ ಹಂಗಾರೆ. ಬಂದೀಯಲ್ಲ."

ಹಾಲಮ್ಮ ಸೀರೆ ಎತ್ತಿ ಕಟ್ಟಿ ತೊಳೆಯಲು ಕೂತೇಬಿಟ್ಟಳು. ಮರುಳಸಿದ್ದಮ್ಮ ಕರು ಬಿಚ್ಚಿ, ಕೊಡದಲ್ಲಿ ನೀರು ತಂದು ಹುಯ್ದಳು. ನಾನು ಗೋಡೆಗೆ ಒರಗಿಕೊಂಡೆ.

ಕಲ್ಲು ಒಣಗಿದ ಮೇಲೆ ಇಸ್ರಾರ್ ಮೇಲಿನದನ್ನು ಎತ್ತಿ ನಡುವಿನ ಗೂಟಕ್ಕೆ ಸರಿಯಾಗಿ ಕೂರಿಸಿದ. ಮರುಳಸಿದ್ದಮ್ಮ ಮೊರದಲ್ಲಿ ರಾಗಿ ತಂದು ಹಿಡಿ ಹಿಡಿಯಾಗಿ ಹಾಕಿದಳು. ಇಬ್ಬರೂ ಕಾಲು ಚಾಚಿ ಎದುರುಬದುರು ಕೂತು ಮೇಲಿನ ಕಲ್ಲಿನ ಹಿಡಿಗೂಟ ಹಿಡಿದರು. ಕಲ್ಲು ಮೊದಲು ಕಚ್ಚಿಕೊಂಡಿತು, ಆಮೇಲೆ ತಿರುಗಿತು. ನಾನು ರೆಕಾರ್ಡರ್ ಒತ್ತಿದೆ, ಒತ್ತಿದ್ದೇನೆಯೇ ಅಂತ ಮತ್ತೆ ನೋಡಿದೆ.

ಮರುಳಸಿದ್ದಮ್ಮ ಎತ್ತಿದಳು. "ರಾಗಿ ಬೀಸುವ ಹೊತ್ತು ದಾರೀಲಿ ದೂಳೆದ್ದು."

ಎತ್ತಿ ನಿಲ್ಲಿಸಿದಳು. ಬಾಯಿ ಮುಚ್ಚಿ ಎದುರಿಗಿದ್ದವಳನ್ನೇ ನೋಡಿದಳು. ಕಲ್ಲು ಒಂದು ಸುತ್ತು ಬರಿದೇ ತಿರುಗಿತು.

"ಬಾಗಿಲಿಗೆ ಬಂದಾನೆ ಒದ್ದೆ ಪಂಚೇಲಿ ಅಣ್ಣ" ಅಂತ ಹಾಲಮ್ಮ ಮುಗಿಸಿದಳು.

ಆಮೇಲೆ ಅವರು ನಮ್ಮ ಯಾರನ್ನೂ ನೋಡಲಿಲ್ಲ. ದೂಳಿನ ಸಾಲು ಆ ಕಡೆಯಿಂದ, ನೀರಿನ ಸಾಲು ಈ ಕಡೆಯಿಂದ. ನಾನು ಬರೆದುಕೊಂಡಿದ್ದ ಪದ ಅಕ್ಷರ ತ‌ಪ್ಪದೆ ಬಂತು. ಕಲ್ಲಿನ ಸುತ್ತ ಹಿಟ್ಟು ಉದುರುತ್ತಿತ್ತು. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಾನು ಸುಳ್ಳಿಯಲ್ಲ, ಅಜ್ಜಿ ಸುಳ್ಳಿಯಲ್ಲ, ಸಾಕಪ್ಪ ದೇವರೇ ಅನ್ನಿಸಿತು.

ಮುರುಗೇಶಪ್ಪ ಸರ್ ಕನ್ನಡಕ ತೆಗೆದರು. ಈ ಸಲ ಒರೆಸಲಿಕ್ಕೆ. ಅಷ್ಟಾದರೂ ಅವರ ಚಾಳಿ ಬಿಡಲಿಲ್ಲ. ಪದ ನಿಂತ ಮೇಲೆ ಕೈ ಜೋಡಿಸಿಕೊಂಡೇ ಕೇಳಿದರು. "ಅಮ್ಮಾ, ತಪ್ಪು ತಿಳೀಬೇಡ್ರಿ. ದೂಳಾಗೆ ಬಂದೋನ ಪಂಚೆ ಒದ್ದೆ ಹೆಂಗಾಯ್ತು?"

ಹಾಲಮ್ಮ ಕಲ್ಲಿನ ಮೇಲಿನ ಹಿಟ್ಟು ಸವರುತ್ತಾ ಅವರನ್ನು ನೋಡಿದಳು. ಇಷ್ಟು ಓದಿದವನು ಇದನ್ನು ಕೇಳುತ್ತಾನಲ್ಲ ಅನ್ನುವ ತಾತ್ಸಾರವೇನೂ ಇರಲಿಲ್ಲ, ಮನೆಗೆ ಬಂದವರಿಗೆ ನೆಂಟಸ್ತನ ಹೇಳುವ ಹಾಗೆ ಹೇಳಿದಳು.

"ಅವ್ನು ಒಬ್ನಲ್ಲ ಸಾಮಿ. ಈಕಿ ಅಣ್ಣ ದೂಳಾಗೆ ಬರ್ತಿದ್ದ, ನಮ್ಮಣ್ಣ ಕಾಲ್ವೆ ದಾಟಿ ಬರ್ತಿದ್ದ. ಇಬ್ರೂ ಬರ್ತಿದ್ದದ್ದು ಇದೇ ಬಾಗ್ಲಿಗೆ."

ಇಸ್ರಾರ್ ಮೆಲ್ಲಗೆ, "ಚೌಕ" ಅಂದ. ಮುರುಗೇಶಪ್ಪ ಸರ್ ನನ್ನ ಕಡೆ ತಿರುಗಿ, "ನಾಳೆ ಬಾರಮ್ಮ, ಸಹಿ ಹಾಕ್ತೀನಿ. ಆ ಬಲೆ ಚಿತ್ರಾನೂ ಒಳಗೆ ಸೇರಿಸು" ಅಂದರು. ಆಗ ಮರುಳಸಿದ್ದಮ್ಮ ಅವರಿಗೆ ನೀರು ತಂದುಕೊಟ್ಟಳು.

ನಾನು ಕ್ಯಾಸೆಟ್ ತೆಗೆದು, ಮತ್ತೆ ರೆಕಾರ್ಡ್ ಆಗದ ಹಾಗೆ ಅದರ ಮೂಲೆಯ ಚೂರನ್ನು ಅಲ್ಲೇ ಉಗುರಿನಿಂದ ಮುರಿದೆ. ಇನ್ನು ನಮ್ಮತ್ತೆ ಮನೆತುಂಬ ನಾಮಕರಣ ಮಾಡಿಕೊಳ್ಳಲಿ.

ಹೊರಡುವಾಗ ಖಲೀಲುಲ್ಲಾ ಸಾಬರು ಟೆಂಪೊದ ಹಿಂಬಾಗಿಲು ತೆರೆದು, "ಅಮ್ಮಾ, ಕಲ್ಲು ಮತ್ತೆ ಹಾಕ್ಲಾ? ನಿಮ್ಮೂರಿಗೆ ಬಿಟ್ಟು ಬರ್ತೀನಿ" ಅಂತ ಹಾಲಮ್ಮನನ್ನು ಕೇಳಿದರು.

ಉತ್ತರ ಕೊಟ್ಟವಳು ಮರುಳಸಿದ್ದಮ್ಮ. ಮತ್ತೆ ಕಲ್ಲಿನ ಮುಂದೆ ಕೂತಿದ್ದವಳು ಹಿಡಿಗೂಟದ ಮೇಲಿನ ಕೈ ತೆಗೆಯಲಿಲ್ಲ.

"ಕಲ್ಲು ಮುಟ್ಟಿದ್ರೆ ನೋಡ್ರಿ ಮತ್ತೆ. ಮೊರದಾಗೆ ಇನ್ನೂ ರಾಗಿ ಐತೆ."